ಒಂಬತ್ತು ಸಂಜೆಗಳ ದೂರು

ನನ್ನ ಮಗಳ ಗೆಳತಿ ಸಹನಾಗೆ ಬ್ರಿಸ್ಬೇನ್‌ನಲ್ಲಿ ಸ್ಟ್ರಾಟಾ ಮ್ಯಾನೇಜರ್ ಕೆಲಸ ಸಿಕ್ಕಿದೆ. ಹೋದ ಭಾನುವಾರ ನಾರ್ತ್ ಲೇಕ್ಸ್‌ನಲ್ಲಿರುವ ನಮ್ಮ ಮಗಳ ಮನೆಗೆ ಬಾರ್ಬೆಕ್ಯೂ ಊಟಕ್ಕೆ ಬಂದವಳು, ನಾನು ಬದನೆಕಾಯಿ ಸುಡುತ್ತಿದ್ದ ಕಡೆಗೇ ಬಂದು ನಿಂತು, “ಆಂಟಿ, ನೀವು ಅಷ್ಟು ವರ್ಷ ಇದೇ ಕೆಲಸ ಮಾಡಿದ್ದೀರಲ್ಲ, ಏನಾದ್ರೂ ಟಿಪ್ಸ್ ಕೊಡಿ” ಅಂದಳು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ, “ಕಾಲಿಗೆ ಒಳ್ಳೆ ಶೂ ತಗೋ” ಅಂದೆ. ತಮಾಷೆ ಅಂದುಕೊಂಡು ನಕ್ಕಳು. ನಾನು ಹೇಳಿದ್ದು ತಮಾಷೆಗಲ್ಲ. ಆದರೆ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದು ಕೈಯಲ್ಲಿ ಬದನೆಕಾಯಿ ಹಿಡಿದುಕೊಂಡು ಇಡೀ ಕಥೆ ಹೇಳಲಾಗದೆ, ಬರೆದು ಕೊಡುತ್ತೇನೆ ಎಂದು ಒಪ್ಪಿಕೊಂಡೆ. ನಾನು ಯಾವಾಗ ಸೀನಿಯರ್ ಆದೆ, ಯಾವಾಗ ಏನಾದೆ ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅವು ನನ್ನ ಗಂಡನಿಗೇ ನೆನಪಿಲ್ಲ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಒಂದೊಂದು ಮನೆಗೆ ಒಬ್ಬೊಬ್ಬ ಮಾಲೀಕ. ಮೆಟ್ಟಿಲು, ಲಿಫ್ಟು, ತೋಟ, ತಾರಸಿ ಎಲ್ಲರಿಗೂ ಸೇರಿದ್ದು. ಮಾಲೀಕರು ಸೇರಿ ಒಂದು ಕಮಿಟಿ ಮಾಡಿಕೊಂಡು, ಈ ಎಲ್ಲರಿಗೂ ಸೇರಿದ್ದನ್ನು ನೋಡಿಕೊಳ್ಳಲು ನಮ್ಮಂಥವರನ್ನು ಇಟ್ಟುಕೊಳ್ಳುತ್ತಾರೆ. ಹೆಸರಿಗೆ ಮ್ಯಾನೇಜರ್. ಕೆಲಸ ಮಾತ್ರ ಅತ್ತೆ ಸೊಸೆ ಜಗಳದ ನಡುವೆ ಸಿಕ್ಕಿಕೊಂಡ ಮಗನದ್ದು, ಎರಡೂ ಕಡೆಯವರಿಂದ ಬೈಸಿಕೊಳ್ಳುವುದು.

ನನಗೆ ಕೆಲಸ ಕಲಿಸಿದವರು ಪರ್ತ್‌ನ ಕೆನ್. ಮೈಸೂರಿನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ನಾನು ಅವರನ್ನು ‘ಸರ್’ ಎಂದು ಕರೆದರೆ, “ಸರ್ ಅನ್ಬೇಡ ವಿಮಲಾ, ನಮ್ಮಪ್ಪ ಹಿಂದೆ ನಿಂತಿದ್ದಾರೇನೋ ಅನ್ಸತ್ತೆ” ಎನ್ನುತ್ತಿದ್ದರು. ಮೊದಲ ವಾರವೇ ತಮ್ಮ ಎಡವಟ್ಟೊಂದನ್ನು ತಾವೇ ಹೇಳಿದರು. ಮೇಲಿನ ಮನೆಯಿಂದ ತನ್ನ ಬಾಲ್ಕನಿಗೆ ಕೊಳಕು ನೀರು ಸುರಿಯುತ್ತಿದೆ ಎಂದು ಒಬ್ಬಾಕೆ ಫೋನ್ ಮಾಡಿದ್ದರಂತೆ. ಮೇಲಿನ ಮನೆಯಲ್ಲಿ ಚಿಲಿ ದೇಶದಿಂದ ಬಂದ ವಯಸ್ಸಾದ ಗಂಡ ಹೆಂಡತಿ, ಬಾಲ್ಕನಿ ತುಂಬ ಹೂವಿನ ಕುಂಡ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ, ಕೆನ್ ಕೂತಲ್ಲಿಂದಲೇ ನೋಟಿಸ್ ಕಳಿಸಿದರು. ಆ ದಂಪತಿ ಒಂದು ಮಾತೂ ಆಡದೆ ಗಿಡಗಳಿಗೆ ನೀರು ಹಾಕುವುದನ್ನು ನಿಲ್ಲಿಸಿದರು. ಪರ್ತ್‌ನ ಬಿಸಿಲಿಗೆ ಗಿಡಗಳೆಲ್ಲ ಒಣಗಿಹೋದವು. ನೀರು ಮಾತ್ರ ಬೀಳುತ್ತಲೇ ಇತ್ತು. ಕಡೆಗೆ ಹೋಗಿ ನೋಡಿದರೆ ದೂರು ಕೊಟ್ಟಾಕೆಯ ಎಸಿಯೇ ಸೋರುತ್ತಿತ್ತು.

ಕೆನ್ ಹೊಸ ಗಿಡಗಳನ್ನು ಕೊಂಡುಕೊಂಡು ಕ್ಷಮೆ ಕೇಳಲು ಹೋದರು. ಮುದುಕರು ಬಾಗಿಲು ತೆರೆದು, ಗಿಡ ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡರಂತೆ. “ಬೈದಿದ್ರೆ ಎಷ್ಟೋ ವಾಸಿ ಆಗ್ತಿತ್ತು. ಅವರು ನೋಟಿಸ್ ಬರತ್ತೆ ಅಂತ ಕಾಯ್ತಾ ಇದ್ದವರ ಥರ ಇದ್ರು” ಎಂದರು ಕೆನ್. ಆಮೇಲೆ ನನಗೆ ಹೇಳಿದ್ದು ಇಷ್ಟೇ: ದೂರು ಬಂದರೆ ಮೊದಲು ಶೂ ಹಾಕು, ಪೆನ್ನು ಆಮೇಲೆ ತೆಗಿ. ಈಗ ದೂರುಗಳು ಆ್ಯಪ್‌ನಲ್ಲಿ ಫೋಟೊ ಸಮೇತ ಬರುತ್ತವೆ ಎಂದು ಸಹನಾ ಹೇಳಿದಳು. ಫೋಟೊದಲ್ಲಿ ನೀರು ಕಾಣುತ್ತದೆ ಮಗಳೇ, ಎಲ್ಲಿಂದ ಬಂತು ಎಂಬುದು ಕಾಣುವುದಿಲ್ಲ.

ಗಂಡನ ಕೆಲಸ ಅಡಿಲೇಡ್‌ಗೆ ಬದಲಾಯಿತು. ನನಗೆ ಗ್ಲೆನೆಲ್ಗ್ ಸುತ್ತಲಿನ ಕಟ್ಟಡಗಳು ಸಿಕ್ಕವು. ಅದರಲ್ಲೊಂದು ಬೀಚ್ ಎದುರಿಗೇ ಇದ್ದ ಬಿಳಿ ಬಣ್ಣದ ಕಟ್ಟಡ. ಅಲ್ಲಿನ ಕಮಿಟಿ ಅಧ್ಯಕ್ಷರು ರೋಜರ್. ಇಸ್ತ್ರಿ ಮಾಡಿದ ಶರ್ಟು, ಹದವಾದ ಮಾತು. ನಾನು ಹೋದಾಗೆಲ್ಲ ತಂಗಿಯ ತೋಟದ ನಿಂಬೆಹಣ್ಣು ಕೊಟ್ಟು ಕಳಿಸುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಸಹನಾ, ನಿನಗೆ ಕಷ್ಟ ಕೊಡುವವರು ಸಿನಿಮಾದ ವಿಲನ್ ಥರ ಬರುವುದಿಲ್ಲ. ನಿಂಬೆಹಣ್ಣು ಹಿಡಿದುಕೊಂಡು ಬರುತ್ತಾರೆ.

ಎರಡನೇ ಮಹಡಿಯ ಕೊನೆಯ ಮನೆಗೆ ಕೊಲಂಬಿಯಾದ ಕುಟುಂಬವೊಂದು ಬಾಡಿಗೆಗೆ ಬಂತು. ಪಾವೊಲಾ ವೃದ್ಧಾಶ್ರಮದಲ್ಲಿ ನರ್ಸ್. ಅವಳ ಗಂಡ ಆಂಡ್ರೆಸ್ ರಸ್ತೆ ಕಟ್ಟುವ ಎಂಜಿನಿಯರ್. ಎರಡನೇ ಕ್ಲಾಸಿನ ಮಗಳು ಸೋಫಿಯಾ. ಪಾವೊಲಾಳ ತಾಯಿ ಮಾರ್ತಾ ಕೂಡ ಜೊತೆಗಿದ್ದರು. ಬಾಡಿಗೆ ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಅವರು ಬಂದ ಮೇಲೆ ನನ್ನ ಫೋನಿಗೆ ಬಿಡುವಿಲ್ಲದಂತಾಯಿತು. ಲಿಫ್ಟ್‌ನಲ್ಲಿ ಜೋರಾಗಿ ಸ್ಪ್ಯಾನಿಷ್ ಮಾತಾಡುತ್ತಾರೆ. ಮನೆಯಲ್ಲಿ ಎಷ್ಟು ಜನ ಇದ್ದಾರೋ ಲೆಕ್ಕವಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಾರೆ.

ಬಟ್ಟೆಯ ವಿಷಯಕ್ಕೆ ನಾನು ರೋಜರ್ ಅವರನ್ನು ಬೀಚ್ ಕಡೆಗೆ ಕರೆದುಕೊಂಡು ಹೋಗಿ, ತಿರುಗಿ ಕಟ್ಟಡ ನೋಡಿ ಎಂದೆ. ಕೆಳಗಿನಿಂದ ಮೇಲಿನವರೆಗೆ ಬಾಲ್ಕನಿಗಳಲ್ಲಿ ಬೀಚ್ ಟವಲ್, ಈಜುವ ಚಡ್ಡಿ, ಸರ್ಫಿಂಗ್ ಸೂಟು. ಅಗಲವಾದ ನೀಲಿ ಪಟ್ಟೆಯ ಟವಲ್ಲೊಂದು ಅವರದ್ದೇ. ಸ್ವಲ್ಪ ಹೊತ್ತು ನೋಡಿ, “ಅದು ಬೇರೆ ವಿಮಲಾ. ಅದು ಬೀಚ್” ಎಂದರು. ನನಗೆ ನಗು ತಡೆಯಲಾಗಲಿಲ್ಲ, ಅವರೂ ನಕ್ಕರು. ಬಟ್ಟೆಯ ದೂರು ಅಲ್ಲಿಗೆ ನಿಂತಿತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಂದು ನಿಂತರೆ ಇನ್ನೊಂದು ಶುರು. ಯಾರೋ ಒಬ್ಬರು ಆಂಡ್ರೆಸ್‌ನನ್ನು ಲಿಫ್ಟ್‌ನಲ್ಲಿ, “ಊರಿಂದ ಬರ್ತಾ ಬ್ಯಾಗಲ್ಲಿ ಏನು ತಂದ್ರಿ?” ಎಂದು ಕಣ್ಣು ಹೊಡೆದು ಕೇಳಿದರಂತೆ. ಅವನು ನನಗೆ ಇದನ್ನು ಹೇಳುವಾಗ ನಗುತ್ತಲೇ ಹೇಳಿದ. ಕೊಲಂಬಿಯಾ ಎಂದೊಡನೆ ಮಾದಕ ವಸ್ತುವೊಂದೇ ನೆನಪಾಗುವವರ ತಮಾಷೆ ಅದು.

ಡಿಸೆಂಬರ್ ಬಂತು. ಆ ಮನೆಯಲ್ಲಿ ದಿನವೂ ಸಂಜೆ ಗುಂಪು ಸೇರುತ್ತಿದೆ, ಡೋಲು ಬಡಿಯುತ್ತಾರೆ, ಕಾರ್ ಪಾರ್ಕಿನಲ್ಲಿ ಗುರುತಿಲ್ಲದ ಮುಖಗಳು ಎಂದು ಒಂದೇ ಸಮನೆ ಫೋನು. ರೋಜರ್ ಈ ಸಲ ನಿಂಬೆಹಣ್ಣು ಕೊಡಲಿಲ್ಲ. “ಅವರ ಬಾಡಿಗೆ ಕರಾರು ಜನವರಿಗೆ ಮುಗಿಯತ್ತೆ. ಮುಂದುವರಿಸೋದು ಬೇಡ ಅಂತ ಮನೆ ಮಾಲೀಕರಿಗೆ ಕಮಿಟಿಯಿಂದ ಹೇಳೋಣ. ಅವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಈ ಬಿಲ್ಡಿಂಗ್‌ಗೆ ಹೊಂದಲ್ಲ, ಅಷ್ಟೇ” ಎಂದರು. ಮಾಲೀಕ ಸಿಡ್ನಿಯಲ್ಲಿದ್ದವನು, ಕಮಿಟಿಯ ಜೊತೆ ಜಗಳ ಅವನಿಗೆ ಬೇಡ. ಒಂದು ಮಾತು ಹೋದರೆ ಸಾಕು, ಆ ಮನೆ ಖಾಲಿ.

ನಾನು ಶೂ ಹಾಕಿದೆ. ಸಂಜೆ ಏಳು ಗಂಟೆ, ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ.

ಹಾಲಿನ ಒಂದು ಮೂಲೆಯಲ್ಲಿ ಕಂದು ಕಾಗದ ಮುದುರಿ ಮಾಡಿದ ಬೆಟ್ಟ. ಬೆಟ್ಟದ ಮೇಲೆ ಪುಟ್ಟ ಪುಟ್ಟ ಮನೆಗಳು, ಕುರಿಗಳು, ಒಂಟೆಗಳು, ಬಾವಿಯಿಂದ ನೀರು ಸೇದುವ ಹೆಂಗಸು. ಕೆಳಗೆ ಹಸಿರು ಹಾಸಿನ ನಡುವೆ ಕನ್ನಡಿಯಿಟ್ಟು ಕೊಳ ಮಾಡಿದ್ದರು. ಕೊಳದಲ್ಲಿ ಬಾತುಕೋಳಿ. ಸೋಫಿಯಾ ತನ್ನ ಪ್ಲಾಸ್ಟಿಕ್ ಡೈನೋಸಾರನ್ನೂ ಕುರಿಗಳ ಜೊತೆ ಮೇಯಲು ಬಿಟ್ಟಿದ್ದಳು. ಮೈಸೂರಿನವಳಿಗೆ ಇದೇನು ಎಂದು ಬಿಡಿಸಿ ಹೇಳಬೇಕೆ? ದಸರೆಗೆ ಬೊಂಬೆ ಕೂರಿಸುವಾಗ ನಮ್ಮಮ್ಮ ತಟ್ಟೆಯಲ್ಲಿ ರಾಗಿ ಪೈರು ಬೆಳೆಸಿ, ಹೀಗೇ ಕನ್ನಡಿಯಿಟ್ಟು ಪಾರ್ಕ್ ಮಾಡುತ್ತಿದ್ದಳು. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ಸಂಜೆ ಬೊಂಬೆಗಳ ಮುಂದೆ ಕೂತು ಪ್ರಾರ್ಥನೆ, ಹಾಡು, ಬಂದವರಿಗೆಲ್ಲ ತಿಂಡಿ. ಇದು ಅವರ ನೊವೇನಾ ಎಂದು ಪಾವೊಲಾ ಹೇಳಿದಳು. ಜನ ಡೋಲು ಎಂದದ್ದು ಒಂದು ಕಂಜರ, ಎರಡು ಗಿಲಕಿ, ಬಾಟಲಿಗೆ ಬಡಿಯುವ ಒಂದು ಚಮಚ. ಎಂಟೂವರೆಗೆ ಎಲ್ಲ ಮುಗಿಯುತ್ತಿತ್ತು. ಕಟ್ಟಡದ ನಿಯಮದ ಪ್ರಕಾರ ರಾತ್ರಿ ಹತ್ತರ ತನಕದ ಸದ್ದಿಗೆ ಯಾರೂ ಚಕಾರವೆತ್ತುವಂತಿಲ್ಲ.

“ದಿನಕ್ಕೊಬ್ಬರ ಮನೇಲಿ ಮಾಡೋದು ನಮ್ಮ ಪದ್ಧತಿ” ಎಂದಳು ಪಾವೊಲಾ. “ಇಲ್ಲಿ ನಮ್ಮ ದೇಶದ ಬೇರೆಯವರಿಗೆಲ್ಲ ಹಾಲ್ ಅನ್ನೋದೇ ಇಲ್ಲ, ಒಂದೊಂದು ರೂಮಲ್ಲಿದ್ದಾರೆ. ಒಬ್ಬರು ಹೋದ ವರ್ಷ ಮಾಡಿ ಮನೆ ಓನರ್ ಹತ್ರ ಬೈಸ್ಕೊಂಡ್ರು. ಅದಕ್ಕೆ ಒಂಬತ್ತು ದಿನವೂ ನಮ್ಮಲ್ಲೇ.”

ಅವರ ಕರಾರಿನ ಬಗ್ಗೆ ಕಮಿಟಿ ಏನು ಹೇಳುತ್ತಿದೆ ಎಂದು ತಿಳಿಸಿದೆ. ಆದರೂ ನನಗೆ ಉತ್ಸಾಹ ಉಕ್ಕಿ ಬಂದಿತ್ತು. ನಮ್ಮಲ್ಲೂ ಒಂಬತ್ತು ದಿನ, ನಮ್ಮಲ್ಲೂ ಬೊಂಬೆ, ಕಮಿಟಿಯವರನ್ನು ಕರೆದು ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಒಂದೇ ಉಸಿರಿಗೆ ಹೇಳಿದೆ. ಪಾವೊಲಾ ಕೇಳಿಸಿಕೊಂಡು, “ಕರ್ಕೊಂಡ್ ಬನ್ನಿ, ತಿಂಡಿ ಕೊಡ್ತೀನಿ. ಆದ್ರೆ ನಮ್ಮ ಹಬ್ಬ ಚೆನ್ನಾಗಿದೆ ಅಂತ ಅವರ ಸರ್ಟಿಫಿಕೇಟ್ ಬೇಡ ನನಗೆ. ಈ ಮನೆ ಬಿಟ್ರೆ ಸೋಫಿಯಾ ಈ ಸ್ಕೂಲ್ ಬಿಡ್ಬೇಕು. ಬಂದ ಹೊಸದರಲ್ಲಿ ಒಂದು ವರ್ಷ ಅವಳು ಕ್ಲಾಸಲ್ಲಿ ಬಾಯೇ ಬಿಟ್ಟಿರಲಿಲ್ಲ. ಈಗ ಇಬ್ಬರು ಫ್ರೆಂಡ್ಸ್ ಇದ್ದಾರೆ. ನನಗೆ ಬೇಕಾಗಿರೋದು ಅಷ್ಟೇ” ಎಂದಳು.

ಅವಳ ಮಾತು ಸರಿ. ನಮ್ಮ ಹಬ್ಬದ ಹಾಗಿದೆ ಎಂದು ನನಗೆ ಪ್ರೀತಿ ಬಂತು. ಇರದಿದ್ದರೆ? ಆಗಲೂ ಅವರು ಆ ಮನೆಯಲ್ಲಿ ಇರಬೇಕಾದವರೇ.

ಪಕ್ಕದ ಮನೆ ನಮ್ಮವರದ್ದೇ. ಡಾಕ್ಟರ್ ರಘು, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞ, ಮನೆ ಸ್ವಂತದ್ದು, ಕಮಿಟಿಯ ಸದಸ್ಯ ಕೂಡ. ಅವನಾದರೂ ಅವರ ಪರವಾಗಿ ನಿಲ್ಲುತ್ತಾನೆ ಎಂದುಕೊಂಡು ಕಾರ್ ಪಾರ್ಕಿನಲ್ಲಿ ಮಾತಾಡಿಸಿದೆ.

“ಆಂಟಿ, ಪ್ಲೀಸ್, ನನ್ನ ಇದರಲ್ಲಿ ಎಳೀಬೇಡಿ” ಎಂದ. “ಮೊನ್ನೆ ಲಿಫ್ಟಲ್ಲಿ ನಮ್ಮ ಕಮಿಟಿಯ ಜೂಡಿತ್ ನನ್ನ ನೋಡಿ, ನಿಮ್ಮ ಮನೆ ಮ್ಯೂಸಿಕ್ ಸ್ವಲ್ಪ ಕಮ್ಮಿ ಮಾಡ್ತೀರಾ ಅಂದ್ರು. ನಾಲ್ಕು ವರ್ಷದಿಂದ ಅದೇ ಲಿಫ್ಟಲ್ಲಿ ಹಾಯ್ ಅಂತಾರೆ ನಂಗೆ! ಇವರಿಗೆ ಬ್ರೌನ್ ಅಂದ್ರೆ ಎಲ್ಲಾ ಒಂದೇ. ನಾನು ಅವರ ಪರ ಮಾತಾಡಿದ್ರೆ ಆ ಲೆಕ್ಕಕ್ಕೇ ಸೇರಿಸ್ಬಿಡ್ತಾರೆ. ಅವರು ಬೇರೆ ಕಡೆ ಹೋದ್ರೆ ಅವರಿಗೂ ಒಳ್ಳೇದೇ.”

ಕೋಪ ಬಂದರೂ ಬೈಯಲಾಗಲಿಲ್ಲ. ಹೊಡೆತ ಬಿದ್ದದ್ದು ಅವನಿಗೂ. ಹೊಡೆದವರನ್ನು ಬಿಟ್ಟು ಪಕ್ಕದವನಿಂದ ದೂರ ಸರಿಯಬೇಕು ಎಂದು ಅವನಿಗೆ ಅನ್ನಿಸಿತ್ತು. ಇಷ್ಟು ವರ್ಷದಲ್ಲಿ ನಮ್ಮವರಲ್ಲಿ ನಾನು ಅತಿ ಹೆಚ್ಚು ಕಂಡ ಕಾಯಿಲೆ ಇದೇ.

ರಘುವಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ಮೈಸೂರಿನಿಂದ ಬಂದಿದ್ದ ಅವನ ತಾಯಿ ಶಾರದಮ್ಮನವರು, ಮಗ ಆಸ್ಪತ್ರೆಯಲ್ಲಿದ್ದ ಹೊತ್ತಿನಲ್ಲಿ, ಗೋಡೆಯಾಚೆ ಹಾಡು ಕೇಳಿಸಿತೆಂದು ಎದ್ದು ಪಕ್ಕದ ಮನೆಗೆ ಹೋಗಿಬಿಟ್ಟಿದ್ದರು. ಹಾಡು ಕೇಳಿಸಿದ ಮನೆಗೆ ಸೀರೆ ಸರಿ ಮಾಡಿಕೊಂಡು ಹೋಗುವುದು ಅವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಮಾರ್ತಾಗೆ ಇಂಗ್ಲಿಷ್ ಬಾರದು, ಇವರಿಗೂ ಅಷ್ಟಕ್ಕಷ್ಟೆ. ಒಬ್ಬರು ಸ್ಪ್ಯಾನಿಷ್, ಇನ್ನೊಬ್ಬರು ಕನ್ನಡ, ಮಾತಿಗೇನೂ ಕಡಿಮೆಯಿಲ್ಲ. ಮೊಟ್ಟೆ ಹಾಕಿದ ಬೋಂಡ ಇವರು ಮುಟ್ಟುವುದಿಲ್ಲ ಎಂದು ತಿಳಿದ ಮಾರ್ತಾ, ಹಾಲು, ಬೆಲ್ಲ, ದಾಲ್ಚಿನ್ನಿ ಹಾಕಿ ಕುದಿಸಿ ತಟ್ಟೆಗೆ ಹುಯ್ದು ಕತ್ತರಿಸಿದ ಸಿಹಿಯನ್ನು ದಿನವೂ ಬೇರೆಯಾಗಿ ತೆಗೆದಿಡುತ್ತಿದ್ದರು. “ಅಕ್ಕಿ ಬದ್ಲು ಜೋಳದ ಹಿಟ್ಟು ಹಾಕಿದ್ದಾರೆ ಕಣಮ್ಮ, ಮಿಕ್ಕಿದ್ದು ನಮ್ಮ ಹಾಲುಬಾಯೇ” ಎಂದರು ನನಗೆ ಶಾರದಮ್ಮ.

ರೋಜರ್ ಮತ್ತು ಜೂಡಿತ್ ಅವರನ್ನು ನಾನು ಕರೆದುಕೊಂಡು ಹೋದ ಸಂಜೆ ಶಾರದಮ್ಮನವರು ಬೊಂಬೆಗಳ ಮುಂದೆಯೇ ಕೂತಿದ್ದರು. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಸೋಫಿಯಾ ಬೊಂಬೆಗಳ ಕಡೆ ಬೆರಳು ತೋರಿಸಿ ಕಿರುಚಿದಳು. ಬೆಟ್ಟದ ಕೆಳಗಿನ ಕೊಟ್ಟಿಗೆಯಲ್ಲಿ ಹಸು, ಕತ್ತೆ, ತಾಯಿ, ತಂದೆಯ ಬೊಂಬೆಗಳ ನಡುವೆ ಖಾಲಿಯಿದ್ದ ಹುಲ್ಲಿನ ತೊಟ್ಟಿಲಲ್ಲಿ ಹಿತ್ತಾಳೆಯ ಅಂಬೆಗಾಲು ಕೃಷ್ಣ, ಒಂದು ಕೈಯಲ್ಲಿ ಬೆಣ್ಣೆ ಮುದ್ದೆ ಹಿಡಿದು ಎಲ್ಲರನ್ನೂ ನೋಡುತ್ತಿದ್ದ.

ಇಟ್ಟವರು ಯಾರು ಎಂದು ಕೇಳುವುದೇ ಬೇಕಿರಲಿಲ್ಲ. “ದಿನಾ ನೋಡ್ತಿದ್ದೀನಿ ವಿಮಲಾ, ತೊಟ್ಟಿಲು ಖಾಲಿ. ಮಗು ಬೊಂಬೆ ಒಡೆದುಹೋಗಿರಬೇಕು, ಪಾಪ, ಹೇಳ್ಕೊಳಕ್ಕೆ ಸಂಕೋಚ. ನನ್ನ ಪೂಜೆ ಪೆಟ್ಟಿಗೇಲಿ ಇದ್ದ, ತಂದು ಮಲಗಿಸ್ದೆ” ಎಂದರು ಶಾರದಮ್ಮ. ಖಾಲಿ ತೊಟ್ಟಿಲು ನೋಡಿ ಹೀಗೆ ಮಾಡಲು ಬೊಂಬೆ ಕೂರಿಸುವ ಮನೆಯವರಿಗೆ ಮಾತ್ರ ಸಾಧ್ಯ. ಬಾಲಯೇಸು ಹುಟ್ಟುವುದು ಇಪ್ಪತ್ತನಾಲ್ಕರ ರಾತ್ರಿ, ಅಲ್ಲಿಯವರೆಗೆ ತೊಟ್ಟಿಲು ಖಾಲಿಯೇ ಇರಬೇಕು ಎಂದು ಪಾವೊಲಾ ವಿವರಿಸಿದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಶಾರದಮ್ಮನವರ ಮುಖ ಸಣ್ಣದಾಯಿತು. ಹಬ್ಬ ಕೆಡಿಸಿಬಿಟ್ಟೆ ಎಂದು ಕೈ ಚಾಚಿದರು. ಮಾರ್ತಾ ಆ ಕೈ ಹಿಡಿದು ತಡೆದು ಏನೋ ಹೇಳಿದರು, ನೆರೆದವರೆಲ್ಲ ಗೊಳ್ಳೆಂದು ನಕ್ಕರು. “ತೊಟ್ಟಿಲು ಬೆಚ್ಚಗಾಗಲಿ, ಇನ್ನೊಬ್ಬ ಬರೋವರೆಗೂ ಇರಲಿ ಅಂತಾಳೆ ಅಮ್ಮ” ಎಂದಳು ಪಾವೊಲಾ.

ಜೂಡಿತ್ ನಗುತ್ತ, ಶಾರದಮ್ಮನವರನ್ನು ತೋರಿಸಿ, “ಇವರು ನಿಮ್ಮ ಅಜ್ಜಿಯಾ?” ಎಂದು ಪಾವೊಲಾಳನ್ನು ಕೇಳಿದರು.

ಆಗ ಬಾಗಿಲಲ್ಲಿ ರಘು ನಿಂತಿದ್ದ. ಮನೆಯಲ್ಲಿ ತಾಯಿ ಕಾಣದೆ ಹುಡುಕಿಕೊಂಡು ಬಂದವನು. ಜೂಡಿತ್ ಮಾತು ಅವನ ಕಿವಿಗೆ ಬಿದ್ದಿತ್ತು. ಅವರಿಗೆ ಉತ್ತರ ಕೊಡಲಿಲ್ಲ. “ಅಮ್ಮ, ಬಾ ಮನೆಗೆ” ಎಂದಷ್ಟೇ ತಗ್ಗಿದ ದನಿಯಲ್ಲಿ ಹೇಳಿದ. “ಯಾಕೋ? ಮಂಗಳಾರತಿ ಆಗ್ದೆ ಎದ್ದು ಬರ್ತಾರೇನೋ?” ಎಂದು ಶಾರದಮ್ಮ ಅಲ್ಲಾಡದೆ ಕೂತರು. ಅವನು ಒಬ್ಬನೇ ಹೊರಟುಹೋದ.

ರೋಜರ್ ಸಿಹಿ ತಿಂದರು, ಚೆನ್ನಾಗಿದೆ ಎಂದರು. ಎಂಟೂವರೆಗೆ ಎಲ್ಲ ಮುಗಿದದ್ದನ್ನೂ ನೋಡಿದರು. ಲಿಫ್ಟ್‌ನಲ್ಲಿ ಇಳಿಯುವಾಗ, “ಒಳ್ಳೇ ಜನ. ಆದ್ರೂ ಒಂಬತ್ತು ಸಂಜೆ ಅಂದ್ರೆ ಜಾಸ್ತಿಯೇ ವಿಮಲಾ. ಜನವರಿಯಲ್ಲಿ ಮೀಟಿಂಗಿಗೆ ಇಡೋಣ” ಎಂದರು. ಕಣ್ಣಾರೆ ನೋಡಿದರೆ ಮನಸ್ಸು ಕರಗುತ್ತದೆ ಎಂಬ ನನ್ನ ನಂಬಿಕೆ ಕೆಳಗಿನ ಮಹಡಿ ಬರುವಷ್ಟರಲ್ಲಿ ಕರಗಿಹೋಗಿತ್ತು.

ಆ ಸಂಜೆ ರಘುವಿನ ಮನೆಯಲ್ಲಿ ನಡೆದದ್ದನ್ನು ಆಮೇಲೆ ಶಾರದಮ್ಮನವರೇ ಹೇಳಿದರು. ಲಿಫ್ಟಿನ ಕಥೆ, ಕಮಿಟಿಯ ಕಥೆ ಎಲ್ಲವನ್ನೂ ಮಗನ ಬಾಯಿಂದ ಹೊರಡಿಸಿದ್ದರು. “ಅವರ ಥರ ಕಾಣ್ತೀನಿ ಅಂತ ನಾಚಿಕೆನಾ ನಿಂಗೆ? ಯಾರ ಥರ ಕಾಣ್ತೀಯ ಅಂತ ನನ್ನ ಕೇಳೋ. ಥೇಟ್ ನಿಮ್ಮಪ್ಪನ ಥರ ಕಾಣ್ತೀಯ” ಎಂದರಂತೆ. ರಘುವಿನ ತಂದೆ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ಜನವರಿಯ ಮೀಟಿಂಗ್ ರೋಜರ್ ಮನೆಯಲ್ಲಿ ನಡೆಯಿತು. ಪಾರ್ಕಿಂಗ್, ತಾರಸಿಯ ಬಣ್ಣ ಎಲ್ಲ ಮುಗಿದ ಮೇಲೆ ಆ ವಿಷಯ ಬಂತು. ನಾನು ನಿಯಮ ಓದಿದೆ, ಯಾವುದನ್ನೂ ಅವರು ಮುರಿದಿಲ್ಲ ಎಂದೆ. ಮ್ಯಾನೇಜರ್‌ಗೆ ಅಲ್ಲಿ ಬಾಯುಂಟು, ಓಟಿಲ್ಲ. ರೋಜರ್ ಕತ್ತಾಡಿಸಿ, ಮಾಲೀಕರಿಗೆ ಬರೆಯುವ ನಿರ್ಣಯಕ್ಕೆ ಯಾರ ಆಕ್ಷೇಪವೂ ಇಲ್ಲ ತಾನೇ ಎಂದು ಸುತ್ತ ನೋಡಿದರು. ಎಲ್ಲರೂ ತಮ್ಮ ತಮ್ಮ ಟೀ ಕಪ್ಪು ನೋಡುತ್ತಿದ್ದರು.

“ಬರೆಯೋದಾದ್ರೆ ನನ್ನ ಮನೆಯನ್ನೂ ಸೇರಿಸಿ” ಎಂದ ರಘು.

ರೋಜರ್‌ಗೆ ಅರ್ಥವಾಗಲಿಲ್ಲ.

“ಒಂಬತ್ತು ಸಂಜೆ ಬಂದ ಗುರುತಿಲ್ಲದ ಮುಖಗಳಲ್ಲಿ ಒಂದು ನನ್ನ ತಾಯಿಯದ್ದು. ಚಪ್ಪಾಳೆ ತಟ್ಟಿ ಹಾಡಿದವರಲ್ಲಿ ಅವರೂ ಒಬ್ಬರು. ಜೂಡಿತ್, ಅವತ್ತು ನೀವು ಕೇಳಿದಿರಲ್ಲ, ಇವರು ಪಾವೊಲಾ ಅಜ್ಜಿಯಾ ಅಂತ. ಅವತ್ತೇ ಹೇಳಬೇಕಿತ್ತು ನಾನು. ಅವರು ನಮ್ಮಮ್ಮ. ಪಕ್ಕದ ಮನೆಯವರು ಹೊಂದಲ್ಲ ಅಂದ್ರೆ ನಾವೂ ಹೊಂದಲ್ಲ. ಇಬ್ಬರದ್ದೂ ಬರೀರಿ.” ದಿನವೂ ಎಷ್ಟೋ ಜನರಿಗೆ ಅರಿವಳಿಕೆ ಕೊಡುವ ಕೈಗಳು, ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಅಂಚು ಹಿಡಿದಿದ್ದವು.

ಜೂಡಿತ್ ಕೆಂಪಾದರು. “ನಾನಿದಕ್ಕೆ ಸಹಿ ಹಾಕಲ್ಲ ರೋಜರ್” ಎಂದರು. ಇನ್ನೊಬ್ಬರು, ಅದೇನು ಅಷ್ಟು ಗಲಾಟೆ ಇರಲಿಲ್ಲ ಬಿಡಿ ಎಂದರು. ರೋಜರ್ ಕನ್ನಡಕ ತೆಗೆದು ಒರೆಸಿಕೊಂಡು, ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಕ್ಷಮೆ ಕೇಳುವುದು, ಅಪ್ಪಿಕೊಳ್ಳುವುದು ಏನೂ ನಡೆಯಲಿಲ್ಲ. ನಿರ್ಣಯ ಬಿದ್ದುಹೋಯಿತು, ಅಷ್ಟೆ. ಈ ಕೆಲಸದಲ್ಲಿ ಗೆಲುವು ಎಂದರೆ ಹೀಗೇ ಇರುತ್ತದೆ ಸಹನಾ. ಯಾರೂ ಹಾರ ಹಾಕುವುದಿಲ್ಲ.

ಕಾರಿಗೆ ಬಂದು ಕೂತು ಪಾವೊಲಾಗೆ ಫೋನ್ ಮಾಡಿದೆ. ಕಮಿಟಿ ಏನೂ ಬರೆಯುವುದಿಲ್ಲ, ಇನ್ನು ನಿಮ್ಮ ಕರಾರಿಗೆ ತೊಂದರೆಯಿಲ್ಲ ಎಂದೆ. ಆ ಕಡೆಯಿಂದ ಮೂಗೆಳೆದುಕೊಂಡ ಸದ್ದು.

“ಬೇಸಿಗೆ ರಜ ಮುಗೀತು, ಮುಂದಿನ ವಾರ ಸೋಫಿಯಾ ಸ್ಕೂಲ್ ಶುರು” ಎಂದಳು. “ಇನ್ನೂ ಯೂನಿಫಾರ್ಮ್ ತಗೊಂಡಿರಲಿಲ್ಲ ನಾನು. ಈಗ ತಗೊಳ್ಲಾ?”

“ತಗೊಳ್ಳಿ” ಎಂದೆ. “ಒಂದು ಸೈಜ್ ದೊಡ್ಡದೇ ತಗೊಳ್ಳಿ.”